ಹಿಮ್ಮಡಿಯ ಓಟ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ದಿನಪತ್ರಿಕೆ ಓದುವುದಕ್ಕೂ ಒಂದು ಕ್ರಮವಿದೆ. ಮೊದಲ ಪುಟ ಹೆಡ್‌ಮಿಸ್ಟ್ರೆಸ್ಸರಿಗೆ, ಪದಬಂಧ ಗಣಿತದ ಮೇಡಂಗೆ, ರಾಶಿಭವಿಷ್ಯ ಎಲ್ಲರಿಗೂ. ಕ್ರೀಡಾಪುಟ ಯಾರಿಗೂ ಬೇಡ. ಊಟದ ಡಬ್ಬಿಯ ಕೆಳಗೆ ಹಾಸಿಕೊಳ್ಳಲು ಅದೇ ಅನುಕೂಲ. ಆದರೆ 2020ರ ಫೆಬ್ರವರಿಯಲ್ಲಿ ಒಂದು ದಿನ ಆ ಪುಟದ ಸುದ್ದಿ ಎದ್ದು ಬಂದು ಮೊದಲ ಪುಟದಲ್ಲೇ ಕೂತಿತ್ತು. ಕೆಸರುನೀರು ಆಳೆತ್ತರ ಚಿಮ್ಮುತ್ತಿರುವ ಗದ್ದೆ, ಎರಡು ಕೋಣ, ಅವುಗಳ ಹಿಂದೆ ಹಗ್ಗ ಹಿಡಿದು ನೆಲದ ಮೇಲಿದ್ದಾನೋ ಗಾಳಿಯಲ್ಲಿದ್ದಾನೋ ತಿಳಿಯದಂಥ ಒಬ್ಬ ಯುವಕ. ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡ, ವಯಸ್ಸು 28, ಕಟ್ಟಡ ಕೆಲಸದ ಕೂಲಿ. ಐಕಳದ ಕಂಬಳದಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ್ದರಂತೆ. ಯಾರೋ ಪುಣ್ಯಾತ್ಮರು ಕೂತು ಲೆಕ್ಕ ಹಾಕಿ, 100 ಮೀಟರಿಗೆ 9.55 ಸೆಕೆಂಡ್ ಆಯಿತು, 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಓಡಿದ್ದು 9.58, ಹಾಗಾದರೆ ನಮ್ಮವನೇ ಮುಂದೆ, ಎಂದುಬಿಟ್ಟಿದ್ದರು.

"ನೋಡ್ರೀ, ಇಂಥ ಹುಡುಗ ಇಷ್ಟು ದಿನ ಎಲ್ಲಿ ಅಡಗಿದ್ದ ಅಂತೀನಿ!" ಎಂದರು ಹೆಡ್‌ಮಿಸ್ಟ್ರೆಸ್.

ವಿಜ್ಞಾನ ಹೇಳುವ ನಮ್ಮ ಸಹೋದ್ಯೋಗಿಯ ತವರು ಕಾರ್ಕಳದ ಕಡೆ. ಆಕೆ ಡಬ್ಬಿಯಿಂದ ತಲೆ ಎತ್ತದೆಯೇ, "ಅಡಗಿದ್ದು ಎಲ್ಲಿ ಮೇಡಂ? ನಮ್ಮಲ್ಲಿ ಸಣ್ಣ ಮಕ್ಕಳಿಗೂ ಅವರ ಹೆಸರು ಗೊತ್ತುಂಟು. ನಿಮಗೆ ಗೊತ್ತಿರಲಿಲ್ಲ, ಅಷ್ಟೇ" ಎಂದರು.

ಅಂದಿನಿಂದ ಆ ಮಾತು ನನ್ನ ತಲೆಯಲ್ಲಿ ಕೂತಿದೆ. ನಾನು ಕನ್ನಡ ಹೇಳಿಕೊಡುವವಳು. ಓಟದ ಬಗ್ಗೆ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಬಸ್ಸಿಗೆ ಓಡುವುದಷ್ಟೇ ನನ್ನ ಅನುಭವ. ಆದರೆ ಒಂದು ಕಥೆಯನ್ನು ಹೇಗೆ ಹೇಳಿದ್ದಾರೆ, ಎಲ್ಲಿ ತಪ್ಪಿದ್ದಾರೆ ಎಂದು ನೋಡುವುದು ಮೂವತ್ತು ವರ್ಷದಿಂದ ನನ್ನ ಕಸುಬು. ಆ ಫೆಬ್ರವರಿಯಲ್ಲಿ ಬಂದ ವರದಿಗಳನ್ನೆಲ್ಲ ಕತ್ತರಿಸಿ ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಅಂಟಿಸಿದೆ. ಈಗ ಮತ್ತೆ ತೆಗೆದು ಓದಿದರೆ ಒಂದೇ ಮಾದರಿ ಉತ್ತರವನ್ನು ನಲವತ್ತು ಮಕ್ಕಳು ನಕಲು ಮಾಡಿ ಬರೆದ ಹಾಗಿದೆ. ಬಡ ಕೂಲಿ, ಕೆಸರು ಗದ್ದೆ, ಬೋಲ್ಟ್, ಮಂತ್ರಿಗಳ ಕರೆ. ಬಿಬಿಸಿ, ಸಿಎನ್‌ಎನ್‌ಗಳವರೆಗೂ ಹೋದದ್ದು ಇದೇ.

ಅದರಲ್ಲಿ ಎರಡು ನುಡಿಗಟ್ಟುಗಳು ಮತ್ತೆ ಮತ್ತೆ ಬರುತ್ತವೆ. ಒಂದು, 'ಎಲೆಮರೆಯ ಕಾಯಿ'. ಮಕ್ಕಳಿಗೆ ವಾಕ್ಯದಲ್ಲಿ ಬಳಸಿ ಎಂದು ನಾನೇ ಎಷ್ಟು ಸಲ ಕೊಟ್ಟಿಲ್ಲ! ಆದರೆ ಯೋಚಿಸಿ ನೋಡಿ, ಎಲೆ ಮರೆಯಾಗಿರುವುದು ಯಾರಿಗೆ? ಕೆಳಗೆ ರಸ್ತೆಯಲ್ಲಿ ಹೋಗುವವನಿಗೆ. ಅದೇ ಕೊಂಬೆಯಲ್ಲಿ ಕೂತ ಗಿಣಿಗೆ ಕಾಯಿ ಎದುರಿಗೇ ಇರುತ್ತದೆ. ಇನ್ನೊಂದು, 'ಬೆಳಕಿಗೆ ಬಂದರು' ಎನ್ನುವುದು. ಕರಾವಳಿಯವರಿಗೆ ಇದನ್ನು ಓದಿ ನಗು ಬಂದಿರಬೇಕು. ಅಲ್ಲಿ ಕಂಬಳಗಳು ಹಗಲಿಡೀ ನಡೆದು ರಾತ್ರಿಗೂ ಮುಂದುವರಿಯುತ್ತವೆ. 'ಹೊನಲು ಬೆಳಕಿನ ಕಂಬಳ' ಎಂದೇ ಹೆಸರು. ಸಾವಿರಾರು ಜನರ ಮುಂದೆ, ಹಗಲಿನ ಹಾಗೆ ಉರಿಯುವ ದೀಪಗಳ ಕೆಳಗೆ, ವರ್ಷಗಟ್ಟಲೆ ಓಡಿದವರನ್ನು ನಾವು ಶ್ರೀನಗರದ ಸ್ಟಾಫ್ ರೂಮಿನಲ್ಲಿ ಕೂತು ಬೆಳಕಿಗೆ ತಂದೆವು!

ನಮ್ಮಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಜ ಮಕ್ಕಳಿಲ್ಲದೆ ತೀರಿಕೊಂಡರೆ ಪಟ್ಟದಾನೆಯ ಸೊಂಡಿಲಿಗೆ ಮಾಲೆ ಕೊಟ್ಟು ಊರಿನಲ್ಲಿ ಬಿಡುತ್ತಿದ್ದರು. ಅದು ಬೀದಿ ಬೀದಿ ಸುತ್ತಿ, ಧರ್ಮಛತ್ರದ ಜಗಲಿಯಲ್ಲಿ ಮಲಗಿದ್ದ ಯಾವನೋ ಒಬ್ಬನ ಕೊರಳಿಗೆ ಮಾಲೆ ಹಾಕುತ್ತಿತ್ತು. ಅವನೇ ರಾಜ. ಅದುವರೆಗೆ ಅವನು ಏನು ಕೆಲಸ ಮಾಡಿಕೊಂಡಿದ್ದ, ಅದರಲ್ಲಿ ಎಷ್ಟು ಕುಶಲಿ ಎಂದು ಕಥೆಯಲ್ಲಿ ಯಾರೂ ಕೇಳುವುದಿಲ್ಲ. ಬಡವನಾಗಿದ್ದರೆ ಸಾಕು, ಮಲಗಿದ್ದರೆ ಇನ್ನೂ ಒಳ್ಳೆಯದು. ಶ್ರೀನಿವಾಸ ಗೌಡರ ಕಥೆಯನ್ನು ನಮ್ಮ ಪತ್ರಿಕೆಗಳು ಈ ಪಟ್ಟದಾನೆಯ ಕಥೆಯ ಅಚ್ಚಿನಲ್ಲೇ ಎರಕ ಹೊಯ್ದವು. ಆನೆ ಬಂದದ್ದೂ ನಿಜ. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು, ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತುದಾರರಿಂದ ಪರೀಕ್ಷೆ ಮಾಡಿಸುತ್ತೇವೆ, ಬರಲಿ ಎಂದರು. ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಬೆಂಗಳೂರಿಗೆ ಕರೆಸಿ ಮೂರು ಲಕ್ಷ ರೂಪಾಯಿ ಕೊಟ್ಟು ಸನ್ಮಾನಿಸಿದರು. ಒಲಿಂಪಿಕ್ ಪದಕವೊಂದೇ ಬಾಕಿ ಎನ್ನುವಂತಿತ್ತು ಊರಿನ ಮಾತು.

ಆಗ ಆ 9.55ರ ಲೆಕ್ಕವನ್ನು ನಮ್ಮ ಗಣಿತದ ಮೇಡಂ ಬಿಡಿಸಿದ್ದನ್ನು ಹೇಳಲೇಬೇಕು. "ಇದು ಏಳನೇ ಕ್ಲಾಸಿನ ಏಕಮಾನ ಪದ್ಧತಿ ಕಣ್ರೀ. ಒಂದು ಕೆಜಿ ಬೇಳೆಗೆ ಇಷ್ಟಾದರೆ ಅರ್ಧ ಕೆಜಿಗೆ ಎಷ್ಟು ಅನ್ನೋ ಹಾಗೆ. ಓಟ ಬೇಳೆ ಅಲ್ಲ" ಎಂದರು. ನಿಂತ ಕಾಲಿನಿಂದ ಹೊರಡುವಾಗ ಮೊದಲ ಕೆಲವು ಹೆಜ್ಜೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ; ದೂರ ಹೆಚ್ಚಿದಷ್ಟೂ ಆ ನಷ್ಟ ಹಂಚಿಹೋಗುತ್ತದೆ. ಅದೇ ಬೋಲ್ಟ್ 2009ರಲ್ಲಿ ಮ್ಯಾಂಚೆಸ್ಟರಿನಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದಾರೆ. ಈ ಏಕಮಾನ ಪದ್ಧತಿಯಲ್ಲಿ ಅವರೂ 100 ಮೀಟರಿಗೆ 9.57ಕ್ಕೆ ಇಳಿಯುತ್ತಾರೆ, ಆದರೆ ಅದನ್ನು ಯಾರೂ ದಾಖಲೆ ಎನ್ನುವುದಿಲ್ಲ. ಇನ್ನು ಕಂಬಳದಲ್ಲಿ ಓಡುವವನ ಕೈಯಲ್ಲಿ ಹಗ್ಗವಿದೆ, ಹಗ್ಗದ ಆ ತುದಿಯಲ್ಲಿ ಎರಡು ಕೋಣಗಳ ಬಲವಿದೆ. ಒಂದು ಊರಿನ ಕರೆಯ ಉದ್ದ ಇನ್ನೊಂದು ಊರಿನದಲ್ಲ. ಕರೆ ಎಂದರೆ ಕಂಬಳದ ಓಟದ ಗದ್ದೆ; ಜೋಡಿ ಗದ್ದೆಯಾದರೆ ಜೋಡುಕರೆ. ಹೀಗಿರುವಾಗ ಬರ್ಲಿನ್‌ನ ಟ್ರ್ಯಾಕನ್ನೂ ಐಕಳದ ಕರೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಅವಮಾನ ಬೋಲ್ಟ್‌ಗಲ್ಲ, ಕಂಬಳಕ್ಕೇ ಎಂದು ನನಗನ್ನಿಸಿತು. ಒಬ್ಬ ವೀಣೆಯ ವಿದ್ವಾಂಸರನ್ನು 'ಇವರು ನಮ್ಮ ಊರಿನ ಗಿಟಾರ್‌ವಾದಕರು' ಎಂದು ಪರಿಚಯಿಸಿದರೆ ಹೇಗಿರುತ್ತದೆ?

ಈ ಎಲ್ಲ ಗದ್ದಲದಲ್ಲಿ ಸರಿಯಾದ ವಿಮರ್ಶೆ ಮಾಡಿದವರು ಒಬ್ಬರೇ, ಸ್ವತಃ ಶ್ರೀನಿವಾಸ ಗೌಡರು. ಬೋಲ್ಟ್ ವಿಶ್ವ ಚಾಂಪಿಯನ್, ತಾನು ಕೆಸರುಗದ್ದೆಯಲ್ಲಿ ಓಡುವವನು, ಹೋಲಿಕೆ ಬೇಡ ಎಂದರು. ಗೆಲುವಿನಲ್ಲಿ ತನ್ನ ಕೋಣಗಳಿಗೂ ಪಾಲಿದೆ ಎಂದರು. ಪರೀಕ್ಷೆಯ ಓಟಕ್ಕೆ ಬರುವುದಿಲ್ಲವೆಂದರು. ಕಾಲಿಗೆ ಪೆಟ್ಟಾಗಿದೆ, ಋತುವಿನ ಕಂಬಳಗಳು ಇನ್ನೂ ಬಾಕಿ ಇವೆ. ಅದಕ್ಕಿಂತ ಮುಖ್ಯವಾಗಿ ಇನ್ನೊಂದು ಮಾತು: ಟ್ರ್ಯಾಕಿನಲ್ಲಿ ಓಡುವವರು ಕಾಲಿನ ಬೆರಳ ಮೇಲೆ ಓಡುತ್ತಾರೆ, ಕಂಬಳದಲ್ಲಿ ನಾವು ಹಿಮ್ಮಡಿಯ ಮೇಲೆ ಓಡುತ್ತೇವೆ. ವರದಿಗಾರರು ಇದನ್ನು ಕೊನೆಯ ಪ್ಯಾರಾದಲ್ಲಿ, ಜಾಗ ಉಳಿದಿದ್ದರೆ ಹಾಕಿದರು. ನನ್ನ ಮಟ್ಟಿಗೆ ಆ ಇಡೀ ಹಾಜರಿ ಪುಸ್ತಕದಲ್ಲಿ ಓಟದ ಬಗ್ಗೆ ಇರುವ ವಾಕ್ಯ ಅದೊಂದೇ.

ಅವರು ಬಾರದೆ ಉಳಿದದ್ದು ಅಂಜಿಕೆ ಎಂದವರೂ ಇದ್ದರು. 2019ರ ಆಗಸ್ಟ್‌ನಲ್ಲಿ ಏನಾಗಿತ್ತೆಂದು ಅವರು ಮರೆತಿದ್ದರು. ಮಧ್ಯಪ್ರದೇಶದ ಒಬ್ಬ ಯುವಕ ಬರಿಗಾಲಲ್ಲಿ 11 ಸೆಕೆಂಡಿನಲ್ಲಿ 100 ಮೀಟರ್ ಓಡಿದನೆಂದು ಹೀಗೇ ಗುಲ್ಲಾಗಿ, ಹೀಗೇ ಕರೆ ಬಂದು, ಭೋಪಾಲದ ಕ್ರೀಡಾಂಗಣದಲ್ಲಿ ಕ್ಯಾಮೆರಾಗಳ ಮುಂದೆ ಓಡಿಸಿದರು. ಪಾಪ, ಕೊನೆಯವನಾಗಿ ಬಂದ. ಆಮೇಲೆ ಅವನ ಸುದ್ದಿಯನ್ನು ಯಾರೂ ಕೇಳಲಿಲ್ಲ. ಆನೆ ಹಾಕಿದ ಮಾಲೆಯನ್ನು ಕೊರಳಿನಿಂದ ತೆಗೆದು, ಸೊಂಡಿಲಿಗೆ ನಮಸ್ಕಾರ ಮಾಡಿ, ಹಿಂದಕ್ಕೆ ಕೊಟ್ಟವನ ಕಥೆಯನ್ನು ಅಜ್ಜಿ ನನಗೆ ಹೇಳಿರಲಿಲ್ಲ.

ಹಿಮ್ಮಡಿಯ ಮಾತನ್ನು ನಾನು ಕಣ್ಣಾರೆ ನೋಡಿದ್ದು 2023ರ ನವೆಂಬರ್‌ನಲ್ಲಿ. ಅರಮನೆ ಮೈದಾನದಲ್ಲಿ ಕಂಬಳ ಏರ್ಪಾಟಾಗಿತ್ತಲ್ಲ, ಆಗ. ಅಕ್ಕನ ಮಗ ಅಮೆರಿಕದಿಂದ ರಜೆಗೆ ಬಂದಿದ್ದ. ಇಬ್ಬರೂ ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಹತ್ತಿ, ಇಳಿದು, ಆಟೋದವನ ಹತ್ತಿರ ಜಗಳವಾಡಿ ಹೋಗಿ ಸೇರಿದೆವು. ಜನಜಂಗುಳಿಯಲ್ಲಿ ನನಗೆ ಸಿಕ್ಕಿದ್ದು ಎರಡು ತಲೆಗಳ ನಡುವಿನ ಒಂದು ಗೇಣು ಜಾಗ. ಅಷ್ಟರಲ್ಲೇ ನೋಡಿದೆ. ಕೆಸರಿನಲ್ಲಿ ಬೆರಳೂರಿದರೆ ಹೂತುಹೋಗುತ್ತದೆ. ಓಡುವವರು ಮೈಯನ್ನು ಹಿಂದಕ್ಕೆ ವಾಲಿಸಿ, ಹಿಮ್ಮಡಿ ಕುಟ್ಟಿ ಕುಟ್ಟಿ ಏಳುತ್ತಾರೆ. ಕೋಣಗಳನ್ನು ಬಿಟ್ಟ ಕ್ಷಣದಿಂದ ಮಂಜೊಟ್ಟಿಯವರೆಗೆ, ಎಂದರೆ ಓಟ ಮುಗಿಯುವ ಕಡೆಯವರೆಗೆ, ಉಸಿರು ಬಿಡಲಾಗಲಿಲ್ಲ. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂದು ಬೇರೆ ಬೇರೆ ವಿಭಾಗಗಳಿವೆ. ಕನೆ ಹಲಗೆಯಲ್ಲಿ ವೇಗವೇ ಮುಖ್ಯವಲ್ಲ. ಹಲಗೆಯ ಮೇಲೆ ನಿಂತವನ ಕಾಲಡಿಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟಬೇಕು. ಇಂಥ ಆಟದಿಂದ ಸೆಕೆಂಡುಗಳನ್ನು ಮಾತ್ರ ಹೆಕ್ಕಿ ಜಗತ್ತಿಗೆ ಕಳಿಸಿದೆವಲ್ಲ ಎನ್ನಿಸಿತು. (ಆ ಕೋಣಗಳಿಗೆ ದಿನವೂ ಹುರುಳಿ ಬೇಯಿಸುವವರಾರು, ಎಣ್ಣೆ ತಿಕ್ಕುವ ಹುಡುಗರಿಗೆ ಅನ್ನ ಬಡಿಸುವವರಾರು ಎಂಬ ಪ್ರಶ್ನೆ ನಮ್ಮಂಥ ಹೆಂಗಸರಿಗೆ ಮಾತ್ರ ಹೊಳೆಯುತ್ತದೆಂದು ಕಾಣುತ್ತದೆ.)

ಅಂದು ರಾತ್ರಿ ಹುಳಿ ಅನ್ನ ತಿನ್ನುತ್ತಾ ಅಕ್ಕನ ಮಗ, "ಚಿಕ್ಕಮ್ಮ, ಅಲ್ಲೂ ಇದೇ ಥರ ಒಬ್ಬ ಇದ್ದ, ಬಾಸ್ಕೆಟ್‌ಬಾಲ್ ಆಡೋನು. ಅವನ ಮೇಲೆ ಸಿನಿಮಾನೇ ಇದೆ, ತೋರಿಸ್ತೀನಿ ತಾಳು" ಎಂದು ಲ್ಯಾಪ್‌ಟಾಪ್ ತೆರೆದ. 'ಲಿನ್‌ಸ್ಯಾನಿಟಿ' ಎಂಬ 2013ರ ಸಾಕ್ಷ್ಯಚಿತ್ರ. ನಿರ್ದೇಶಕ ಇವಾನ್ ಜಾಕ್ಸನ್ ಲಿಯಾಂಗ್. ಜೆರೆಮಿ ಲಿನ್ ತೈವಾನಿನಿಂದ ಅಮೆರಿಕಕ್ಕೆ ಬಂದ ದಂಪತಿಯ ಮಗ. 2006ರಲ್ಲಿ ಅವನ ಶಾಲಾ ತಂಡ ಕ್ಯಾಲಿಫೋರ್ನಿಯಾದ ಚಾಂಪಿಯನ್ ಆದರೂ ಆಟಕ್ಕೆಂದು ವಿದ್ಯಾರ್ಥಿವೇತನ ಕೊಟ್ಟು ಕರೆಯುವ ದೊಡ್ಡ ಕಾಲೇಜು ಒಂದೂ ಸಿಗಲಿಲ್ಲ. ಹಾರ್ವರ್ಡ್‌ನಲ್ಲಿ ಓದಿ ಆಡಿದ. 2010ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸುವಾಗ ಅವನ ಹೆಸರನ್ನು ಯಾರೂ ಕೂಗಲಿಲ್ಲ. 2011ರ ಡಿಸೆಂಬರ್ ಒಂದರಲ್ಲೇ ಎರಡು ತಂಡಗಳು ಕೈಬಿಟ್ಟವು. ನ್ಯೂಯಾರ್ಕ್ ನಿಕ್ಸ್ ತಂಡ ಕೊನೆಯ ಬೆಂಚಿಗೆಂದು ತೆಗೆದುಕೊಂಡಿತು. ನಗರದಲ್ಲಿ ಸ್ವಂತ ಮನೆಯಿಲ್ಲದೆ ಅಣ್ಣನ ಮನೆಯ ಸೋಫಾದ ಮೇಲೆ ಮಲಗುತ್ತಿದ್ದ. 2012ರ ಫೆಬ್ರವರಿ 4ರಂದು, ಬೇರೆ ದಾರಿಯಿಲ್ಲದೆ ಆಡಲು ಬಿಟ್ಟರು. 25 ಅಂಕ. ಫೆಬ್ರವರಿ 10ರಂದು ಕೋಬಿ ಬ್ರಯಂಟ್ ಇದ್ದ ಲೇಕರ್ಸ್ ವಿರುದ್ಧ 38. ತಂಡಕ್ಕೆ ಸತತ ಏಳು ಗೆಲುವು. ಎರಡು ವಾರದೊಳಗೆ ಪ್ರಪಂಚಕ್ಕೆಲ್ಲ ಅವನ ಹೆಸರು ಗೊತ್ತಾಯಿತು. ಹೆಸರಿಗೆ ಹುಚ್ಚು ಎಂಬರ್ಥದ ಇಂಗ್ಲಿಷ್ ಪದವನ್ನು ಹೊಸೆದು ಹೊಸ ಶಬ್ದವನ್ನೇ ಮಾಡಿದರು.

ಸಿನಿಮಾ ಚೆನ್ನಾಗಿದೆಯೇ ಎಂದರೆ, ಅರ್ಧ ಚೆನ್ನಾಗಿದೆ. ಗೆಲುವಿನ ಭಾಗದಲ್ಲಿ ಚೆಂಡು ಬಳೆಯೊಳಗೆ ಬೀಳುವುದು, ಜನ ಎದ್ದು ಕುಣಿಯುವುದು, ಮತ್ತೆ ಬೀಳುವುದು, ಮತ್ತೆ ಕುಣಿಯುವುದು. ನನಗೆ ಆಕಳಿಕೆ ಬಂತು. ಆದರೆ ನಿರ್ದೇಶಕರು ಕ್ಯಾಮೆರಾ ಹಿಡಿದದ್ದು ಲಿನ್ ಇನ್ನೂ ಕಾಲೇಜಿನಲ್ಲಿದ್ದಾಗ, ಕೀರ್ತಿ ಬರುವುದಕ್ಕೆ ವರ್ಷಗಳ ಮೊದಲು. ಮುಂದೆ ಏನಾಗುತ್ತದೆಂದು ತಿಳಿಯದೆ ತೆಗೆದ ಆ ಭಾಗಗಳಲ್ಲಿ, ಬಾಲ್ಯದ ಮನೆಯ ವಿಡಿಯೋಗಳಲ್ಲಿ, ಒಬ್ಬ ಆಟಗಾರ ಕಾಣುತ್ತಾನೆ. ಕೊನೆಯಲ್ಲಿ ಒಂದು ಪವಾಡ ಮಾತ್ರ ಕಾಣುತ್ತದೆ. ಚಿತ್ರ ಅಲ್ಲಿಗೆ ಮುಗಿಯಿತು, ಜೀವನ ಮುಗಿಯಲಿಲ್ಲ. 2019ರಲ್ಲಿ ಟೊರಾಂಟೊ ತಂಡದಲ್ಲಿದ್ದು ಚಾಂಪಿಯನ್ ಪಟ್ಟ ಪಡೆದ ವರ್ಷವೇ, ಮುಂದಕ್ಕೆ ತನ್ನನ್ನು ಯಾವ ತಂಡವೂ ಕರೆಯುತ್ತಿಲ್ಲವೆಂದು ತೈವಾನಿನ ಒಂದು ಸಭೆಯಲ್ಲಿ ಕಣ್ಣೀರು ಹಾಕಿದ. 2025ರಲ್ಲಿ ನಿವೃತ್ತನಾದ.

ಅಕ್ಕನ ಮಗ ಹೇಳಿದ ಹಾಗೆ ಇದು 'ಇದೇ ಥರ' ಅಲ್ಲ ಎಂದು ನಾನು ವಾದಿಸಿದೆ. ಲಿನ್‌ನನ್ನು ಕಡೆಗಣಿಸಿದ್ದು ಅವನ ಆಟದವರೇ. ಅವನನ್ನು ಅಳೆದದ್ದೂ ಅದೇ ಅಂಕಣದಲ್ಲಿ, ಅದೇ ಬಳೆಯ ಎತ್ತರದಲ್ಲಿ. ಶ್ರೀನಿವಾಸ ಗೌಡರನ್ನು ಅವರ ಆಟದವರು ಎಂದೂ ಕಡೆಗಣಿಸಿರಲಿಲ್ಲ. ನಾವು ಹೊರಗಿನವರು ಕಡೆಗಣಿಸಿ, ಆಮೇಲೆ ನಾವೇ ಕಂಡುಹಿಡಿದು, ಬೇರೆ ಆಟದ ಅಳತೆಗೋಲು ತಂದೆವು. "ನೀನು ಮೇಷ್ಟ್ರ ಥರ ಮಾತಾಡ್ತೀಯ" ಎಂದು ಅವನು ಮಲಗಲು ಹೋದ.

ನನಗೆ ನಿದ್ರೆ ಬರಲಿಲ್ಲ. ಲಿನ್ ಸಂದರ್ಶನಗಳಲ್ಲಿ ತನ್ನ ತಾಯಿಯ ಬಗ್ಗೆ ಹೇಳುವ ಒಂದು ಸಂಗತಿ ಇದೆ. ಮಗನನ್ನು ಇಷ್ಟು ಹೊತ್ತು ಚೆಂಡಾಡಲು ಬಿಟ್ಟು ಕೆಡಿಸುತ್ತಿದ್ದೀಯಲ್ಲ ಎಂದು ಬೇರೆ ತಾಯಂದಿರು ಆಕೆಯನ್ನು ಆಕ್ಷೇಪಿಸುತ್ತಿದ್ದರಂತೆ. ಮಗನಿಗೆ ಹಾರ್ವರ್ಡ್ ಸಿಕ್ಕಿದ ಮೇಲೆ ಅದೇ ತಾಯಂದಿರು ಬಂದು, ನಮ್ಮ ಮಕ್ಕಳನ್ನು ಯಾವ ಆಟಕ್ಕೆ ಹಾಕೋಣ ಎಂದು ಕೇಳಿದರಂತೆ! ನಗುವ ವಿಷಯವೇ. ಆದರೆ ಆ ಮೊದಲ ಗುಂಪಿನ ತಾಯಂದಿರಲ್ಲಿ ನನಗೆ ನನ್ನ ಮುಖವೇ ಕಂಡಿತು.

1999ರಲ್ಲಿ ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಾಯಿ ರಾಮಾಂಜನೇಯ ಗುಡ್ಡದ ಹತ್ತಿರ ಹೂವು ಕಟ್ಟಿ ಮಾರುತ್ತಿದ್ದರು. ಹುಡುಗಿ ನನಗೆ ಗೊತ್ತಿದ್ದದ್ದು ಅಕಾರ ಹಕಾರ ಬೆರೆಸಿ ಬರೆಯುವವಳೆಂದು. 'ಹಾಡು' ಎಂದು ಹೇಳಿದರೆ 'ಆಡು' ಎಂದು ಬರೆಯುತ್ತಿದ್ದಳು. ಸಂಜೆ ಹೊತ್ತು ಬಲೆಯಿಲ್ಲದ ಬಳೆಗೆ ಹುಡುಗರ ಜೊತೆ ಬಾಸ್ಕೆಟ್‌ಬಾಲ್ ಆಡುತ್ತಾಳೆಂದು ಕಿವಿಗೆ ಬಿದ್ದಿತ್ತು, ಅಷ್ಟೇ. ಒಂದು ದಿನ ಆ ತಾಯಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, "ಮಿಸ್, ಇವಳನ್ನ ಆಟಕ್ಕೆ ಅಂತ ಬೇರೆ ಊರಿಗೆ ಕಳಿಸಬೇಕಂತೆ, ತಿಂಗಳುಗಟ್ಲೆ ಪ್ರಾಕ್ಟೀಸ್ ಅಂತೆ. ನಂಗೇನೂ ತಿಳಿಯಕ್ಕಿಲ್ಲ. ನೀವು ಏನಂತೀರಿ ಅದೇ" ಎಂದರು. ನಾನು ಒಂದು ನಿಮಿಷವೂ ಯೋಚಿಸಲಿಲ್ಲ. "ಮೊದಲು ಎಸ್ಸೆಸ್ಸೆಲ್ಸಿ ಪಾಸಾಗಲಿ ಅಮ್ಮ, ಆಟ ಓಡಿ ಹೋಗುತ್ತಾ?" ಎಂದೆ. ಅವಳ ಆಟವನ್ನು ಒಂದು ದಿನವೂ ನಾನು ನೋಡಿರಲಿಲ್ಲ. ಮಾರನೆಯ ವರ್ಷ ಸಂಜೆ ಉಳಿಸಿಕೊಂಡು ಪಾಠ ಹೇಳಿದೆ. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಇದನ್ನು ನನ್ನ ದೊಡ್ಡ ಸಾಧನೆಯೆಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ.

ಸಿನಿಮಾ ನೋಡಿದ ಎರಡು ತಿಂಗಳಿಗೆ ಶ್ರೀನಗರ ಬಸ್ ನಿಲ್ದಾಣದಲ್ಲಿ ಅವಳೇ ಗುರುತು ಹಿಡಿದು ಮಾತಾಡಿಸಿದಳು. ಕೈಯಲ್ಲಿ ತರಕಾರಿ ಚೀಲ, ಪಕ್ಕದಲ್ಲಿ ಹತ್ತು ವರ್ಷದ ಮಗಳು. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಅಂತೆ. ಆಟ ಈಗಲೂ ಆಡ್ತೀಯೇನಮ್ಮ ಎಂದೆ. "ಎಲ್ಲಿ ಮಿಸ್" ಎಂದು ನಕ್ಕಳು. ಇಪ್ಪತ್ತೈದು ವರ್ಷಕ್ಕೆ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ: "ನೀನು ಆಟದಲ್ಲಿ ಎಲ್ಲಿ ನಿಲ್ಲುತ್ತಿದ್ದೆ? ಏನು ಮಾಡುತ್ತಿದ್ದೆ?" ಅವಳು ಚೀಲ ಕೆಳಗಿಟ್ಟಳು. ಚೆಂಡು ತರುವವಳು ತಾನು, ಎದುರಿನವರ ಕಣ್ಣು ಒಂದು ಕಡೆ, ಕೈ ಇನ್ನೊಂದು ಕಡೆ ಹೋಗಬೇಕು, ತಾನು ಹೊಡೆಯುವುದಕ್ಕಿಂತ ಹೊಡೆಯುವವಳ ಕೈಗೆ ಸರಿಯಾದ ಹೊತ್ತಿಗೆ ಮುಟ್ಟಿಸಬೇಕು ಎಂದು ಎರಡೂ ಕೈಯಾಡಿಸಿ ತೋರಿಸುತ್ತಾ ಹೋದಳು. ಮಗಳು ಬಾಯಿ ಬಿಟ್ಟುಕೊಂಡು ಅಮ್ಮನನ್ನೇ ನೋಡುತ್ತಿತ್ತು. ನನ್ನ ಎರಡು ಬಸ್ಸು ಹೋದವು.

ಕಂಬಳದ ಕಥೆಗೆ ಮರಳುವುದಾದರೆ, ಜಗತ್ತಿನ ಬೆರಗು ಎರಡು ವಾರವೂ ಬಾಳಲಿಲ್ಲ. ಅದೇ ಫೆಬ್ರವರಿಯಲ್ಲಿ ವೇಣೂರಿನ ಕಂಬಳದಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಏಕಮಾನ ಪದ್ಧತಿಯಲ್ಲಿ 9.52. ಮೊದಲ ಲೆಕ್ಕವನ್ನು ನಂಬಿದವರು ಇದನ್ನು ಇನ್ನೂ ದೊಡ್ಡದಾಗಿ ಬರೆಯಬೇಕಿತ್ತಲ್ಲವೇ? ಬರೆದರು, ಆದರೆ ಅರ್ಧ ದನಿಯಲ್ಲಿ. ಒಂದು ಋತುವಿಗೆ ಒಬ್ಬ ಬೋಲ್ಟ್ ಸಾಕಾಗಿತ್ತು. ಮಾರ್ಚಿನಲ್ಲಿ ಕೊರೋನಾ ಬಂದು ಎಲ್ಲವನ್ನೂ ಮುಚ್ಚಿತು.

ಕಾರ್ಕಳದ ಸಹೋದ್ಯೋಗಿ ಈಗ ನಿವೃತ್ತರಾಗಿ ಊರಿನಲ್ಲೇ ಇದ್ದಾರೆ. ಋತು ಶುರುವಾದರೆ ಪ್ರತಿ ಕಂಬಳ ಮುಗಿದ ಮರುದಿನ ನನ್ನ ಫೋನಿಗೆ ಅಲ್ಲಿನ ಪತ್ರಿಕೆಯ ಫಲಿತಾಂಶದ ಪಟ್ಟಿಯನ್ನು ಕಳಿಸುತ್ತಾರೆ. ವಿಶೇಷಣವಿಲ್ಲ, ಬೋಲ್ಟ್ ಇಲ್ಲ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಕೋಣಗಳ ಯಜಮಾನರ ಹೆಸರು. ಅದರ ಮುಂದೆ 'ಓಡಿಸಿದವರು' ಎಂದು ಊರಿನ ಹೆಸರಿನ ಸಮೇತ ಆ ಓಟಗಾರನ ಹೆಸರು. 2020ಕ್ಕೆ ಮೊದಲೂ ಹೀಗೇ ಅಚ್ಚಾಗುತ್ತಿತ್ತಂತೆ. ನಾನು ಅದನ್ನು ಗಟ್ಟಿಯಾಗಿ ಓದುತ್ತೇನೆ. ಮನೆಯವರು ಒಳಗಿನಿಂದ, "ಇದೇನೇ, ಯಾರ ಮದುವೆಯ ಮುಯ್ಯಿ ಪಟ್ಟಿ?" ಎಂದು ಕೇಳುತ್ತಾರೆ.